ಸತ್ಯಭಾಮಾ ಕೂತು ನೋಡದ ಕೋಣೆ

ಡಿಸೆಂಬರಿನ ಭಾನುವಾರ, ಇನ್ನೂ ಬೆಳಕು ಹರಿದಿಲ್ಲ. ನಾಗಪುರದ ಸಿವಿಲ್ ಲೈನ್ಸಿನ ಹಳೆಯ ಸರ್ಕಾರಿ ಬಂಗಲೆಯೊಂದರ ಮಲಗುವ ಕೋಣೆಯಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬರು ಮಂಕಿ ಕ್ಯಾಪ್ ತೆಗೆದು, ಸ್ವೆಟರ್ ಕಳಚಿಟ್ಟು, ಬರಿ ನೆಲದ ಮೇಲೆ ಕೂತಿದ್ದಾರೆ. ಏನೂ ಮಾಡುತ್ತಿಲ್ಲ, ಸುಮ್ಮನೆ ಕೂತಿದ್ದಾರೆ. ಮನೆಯ ಯಜಮಾನ ಲಕ್ಷ್ಮೀಕಾಂತ ಬಾಗಿಲಲ್ಲಿ ನಿಂತು, ಇವರಿಗೆ ಕಾಫಿ ಕೇಳಬೇಕೋ ಬೇಡವೋ ತಿಳಿಯದೆ ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ನಯನಾ ಕೂಸಿನೊಂದಿಗೆ ನಿನ್ನೆಯಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿರುವ ಬಾಣಂತಿ.

"ತಡೀರಿ. ಚಳಿ ಯಾವ ಕಡಿಂದ ಬರ್ತೈತಿ ನೋಡೂಣು" ಎನ್ನುತ್ತಾರೆ ಕೂತ ಹೆಂಗಸು.

ಇವರು ಸತ್ಯಭಾಮಾ. ಹೊಳೆಆಲೂರಿನ ಕಡೆಯವರು. ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವುದು ಇವರ ಕಸುಬು. ಆದರೆ ಮರಾಠಿ ಮನೆಗಳಲ್ಲಿ ಇವರಿಗೆ ಬಿದ್ದಿರುವ ಹೆಸರು 'ಹೀಟರ್‌ವಾಲಿ ಮಾವಶಿ', ಹೀಟರಿನ ಚಿಕ್ಕಮ್ಮ. ಹೀಟರ್ ಮಾರುವವರೂ ಅಲ್ಲ, ರಿಪೇರಿ ಮಾಡುವವರೂ ಅಲ್ಲ. ಚಳಿಗಾಲದಲ್ಲಿ ಹೊಸ ಮನೆ ಒಪ್ಪಿಕೊಂಡರೆ ಮೊದಲ ನೀರು ಎರೆಯುವ ಮುಂಚೆ ಬಾಣಂತಿಯ ಕೋಣೆಯಲ್ಲಿ ಬೆಳಗಿನ ಜಾವ ಹೀಗೆ ಕೂರುತ್ತಾರೆ. ಕೂತ ಮೇಲೆಯೇ ಯಾವ ಹೀಟರ್, ಎಲ್ಲಿಡಬೇಕು ಎಂಬ ಮಾತು. ಫೋನಿನಲ್ಲಿ ಕೇಳಿದವರಿಗೆಲ್ಲ ಒಂದೇ ಉತ್ತರ: "ನಾ ಕೋಣ್ಯಾಗ ಕುಂಡ್ರದ, ಹೀಟರಿನ ಹೆಸರ ಹೇಳಂಗಿಲ್ಲ."

ಲಕ್ಷ್ಮೀಕಾಂತ ಆಗಲೇ ಎಣ್ಣೆ ತುಂಬಿದ ಹೀಟರ್ ತಂದು ಪರದೆಯ ಬುಡದಲ್ಲಿ ನಿಲ್ಲಿಸಿದ್ದಾರೆ. "ತಂದದ್ದು ಬರೋಬರ್ ಐತ್ರಿ ಸಾಹೇಬ್ರ" ಎಂದು ಸತ್ಯಭಾಮಾ ಏಳುತ್ತಾರೆ. "ಪರದೆ ಹಂತ್ಯಾಕ ಇಡಬ್ಯಾಡ್ರಿ, ಬೆಂಕಿ ಹತ್ತೀತು. ಈ ಗ್ವಾಡಿಗೆ ತರ್ರಿ, ಕೂಸಿನಿಂದ ದೂರ ಇರ್ಲಿ."

"ಸದ್ಯ, ದುಡ್ಡು ದಂಡ ಆಗಲಿಲ್ಲವಲ್ಲ" ಎಂದು ಮೈಸೂರು ಕಡೆಯ ಲಕ್ಷ್ಮೀಕಾಂತ ನಗುತ್ತಾ ಹೀಟರ್ ತಳ್ಳುತ್ತಾರೆ. ಆಮೇಲೆ ಬಚ್ಚಲಲ್ಲಿ ಹಬೆ ಏಳುತ್ತದೆ. ಮಣೆಯ ಮೇಲೆ ಕಾಲು ಚಾಚಿ ಕೂತ ಸತ್ಯಭಾಮಾ ಕೂಸನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಳ್ಳುತ್ತಾರೆ. ಕೂಸು ಓಣಿಗೆಲ್ಲ ಕೇಳುವಂತೆ ಕಿರುಚಿ, ನಾಲ್ಕು ಚೊಂಬು ನೀರು ಬಿದ್ದ ಮೇಲೆ ಸುಮ್ಮನಾಗುತ್ತದೆ. ಅದರ ಬೆನ್ನು ಒರೆಸುವಾಗ ಸತ್ಯಭಾಮಾ ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ.

ಈ ಕಸುಬು ತಾಯಿಯಿಂದ ಬಂದದ್ದು. ಊರಲ್ಲಿ ಬಾಣಂತಿಗೆ ಕಾಸುವುದೆಂದರೆ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ರೈಲ್ವೆಯಲ್ಲಿ ಫಿಟರ್ ಆಗಿದ್ದ ದೊಡ್ಡಯ್ಯನವರನ್ನು ಮದುವೆಯಾಗಿ ನಾಗಪುರಕ್ಕೆ ಬಂದಾಗ ಸತ್ಯಭಾಮಾ ಅದನ್ನೇ ಇಲ್ಲಿಗೂ ತಂದರು. ಹೆಂಚಿನ ಮನೆಗೆ ಸರಿಹೋದದ್ದು ಫ್ಲಾಟಿಗೆ ಸರಿಹೋದೀತೆ? ಕಿಟಕಿ ಮುಚ್ಚಿದ ಕೋಣೆಯೊಂದರಲ್ಲಿ ಬಾಣಂತಿ ತಲೆ ತಿರುಗಿ ಬಿದ್ದಳು. ಮನೆಯವರು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದರು, ತಾಯಿ ಕೂಸು ಇಬ್ಬರೂ ಉಳಿದರು. ಅಂದಿನಿಂದ ಸತ್ಯಭಾಮಾ ಮನೆಯೊಳಗೆ ಕೆಂಡ ತರಲು ಬಿಡುವುದಿಲ್ಲ. 'ಕೆಂಡವಿಲ್ಲದ ಬಾಣಂತನ ಎಂಥದು' ಎಂದು ಅಜ್ಜಿಯರು ಮೂಗು ಮುರಿದರು, ಇವರು ಜಗ್ಗಲಿಲ್ಲ.

ಕೆಂಡ ಹೋದ ಮೇಲೆ ಬೇರೇನಾದರೂ ಬೇಕಲ್ಲ. ಅಂಗಡಿ ಅಂಗಡಿ ಹೊಕ್ಕು, ಉರಿಯುವ ಹೀಟರಿನ ಮುಂದೆ ಅಂಗೈ ಹಿಡಿದು ನಿಂತರು. ಕೊಳ್ಳುವುದಿಲ್ಲ, ಹೋಗುವುದೂ ಇಲ್ಲ, ಅಂಗಡಿಯವರಿಗೆ ಪೀಕಲಾಟ. ಈಗ ಕೇಳಿದರೆ ಒಂದೊಂದರ ಜಾತಕವನ್ನೂ ಹೇಳುತ್ತಾರೆ.

"ಬ್ಲೋವರ್ ಅಂದ್ರ ಬಾಯಿಬಡಕ ಬೀಗ್ತಿ ಇದ್ದಂಗ. ಬಂದ ಕೂಡ್ಲೆ ಮನಿ ಬಿಸಿ, ಹೋದ ಕೂಡ್ಲೆ ತಣ್ಣಗ. ಗಾಳಿ ಒಣಾ ಇರ್ತೈತಿ, ಕೂಸಿನ ಮೂಗು ಕಟ್ಟತೈತಿ. ಕೆಂಪಗ ಉರಿಯೂ ರಾಡಿನ ಹೀಟರ್ ಎದುರಿಗೆ ಕುಂತವ್ರಿಗಷ್ಟ ಬಿಸಿ, ಬೆನ್ನಿಗೆ ಚಳೀನ. ಎಣ್ಣಿ ತುಂಬಿದ್ದು ಜಲ್ದಿ ಕಾಯಂಗಿಲ್ಲ. ಆದ್ರ ಒಮ್ಮೆ ಕಾದ್ರ ಸಿಟ್ಟು ಮಾಡ್ಕೊಂಡು ಎದ್ದು ಹೋಗಂಗಿಲ್ಲ."

ಎಲ್ಲವೂ ಇವರು ಹೇಳಿದಂತೆಯೇ ನಡೆದಿದೆ ಎಂದೇನಲ್ಲ. ಒಮ್ಮೆ ಹಳೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ದೊಡ್ಡ ಹೀಟರ್ ಹಚ್ಚಿಸಿ ಇಡೀ ಸಾಲಿನ ದೀಪ ಆರಿಸಿದ್ದರು. ನೆರೆಯವರು ಬ್ಯಾಟರಿ ಹಿಡಿದು ಕೂಸು ನೋಡಲು ಬಂದರಂತೆ. ಆಮೇಲಿನಿಂದ ಕೋಣೆಗಿಂತ ಮೊದಲು ಪ್ಲಗ್ ನೋಡುತ್ತಾರೆ. ಬಾಗಿಲು ಚೂರು ತೆರೆದಿರಬೇಕು, ಹೀಟರಿನ ಮೇಲೆ ಕೂಸಿನ ಬಟ್ಟೆ ಒಣಹಾಕಬಾರದು, ಕೋಣೆ ಕಾದ ಮೇಲೆ ಆರಿಸಿಯೇ ಮಲಗಬೇಕು. ಇದನ್ನು ಮನೆಮನೆಯಲ್ಲೂ ಬೈದು ಹೇಳುತ್ತಾರೆ, ಬೈಸಿಕೊಂಡವರು ತಂಗಿಯ ಬಾಣಂತನಕ್ಕೂ ಇವರನ್ನೇ ಕರೆಸುತ್ತಾರೆ.

ಊರಿಗೆಲ್ಲ ಬೇಕಾದ ಈ ಹೆಂಗಸಿಗೆ ಬೇಕಾದದ್ದು ಒಂದೇ ಒಂದು ಕೂಸು. ಅದು ನಾಗಪುರದ ಪಕ್ಕದ ಕಳಮೇಶ್ವರದಲ್ಲಿದೆ.

ಸೌಜನ್ಯಾ ಒಬ್ಬಳೇ ಮಗಳು. ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಅಲ್ಲೇ ಕೆಲಸ ಮಾಡುವ ಅಮೇಯನನ್ನು ಮೆಚ್ಚಿ ಮದುವೆಯಾದಳು. ಸತ್ಯಭಾಮಾ ತಮ್ಮ ಅಣ್ಣನ ಮಗನಿಗೆ ಅವಳನ್ನು ಕೊಡುವುದಾಗಿ ಮಾತು ಕೊಟ್ಟು ಕೂತಿದ್ದವರು. ಆ ಸಿಟ್ಟಿನಲ್ಲಿ, "ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ, ನಾನೂ ನಿಂದು ತುಳಿಯಂಗಿಲ್ಲ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣನ ಮಗ ಮರುವರ್ಷವೇ ಬೇರೆ ಹುಡುಗಿಯನ್ನು ಮದುವೆಯಾಗಿ ಸುಖವಾಗಿದ್ದಾನೆ. ತಾಯಿ ಮಗಳು ಮಾತ್ರ ತಮ್ಮ ತಮ್ಮ ಹೊಸ್ತಿಲೊಳಗೆ ಉಳಿದುಬಿಟ್ಟರು.

ಈ ದೀಪಾವಳಿ ಕಳೆದ ಮೇಲೆ ಒಂದು ದಿನ ಫೋನ್ ಬಂತು. ಸೌಜನ್ಯಾಳಿಗೆ ಆಗ ದಿನ ತುಂಬುತ್ತಿತ್ತು. ಅವ್ವಾ ಎನ್ನಲಿಲ್ಲ, ಹೇಗಿದ್ದೀ ಎನ್ನಲಿಲ್ಲ. "ಕೂಸಿನ ರೂಮಿಗೆ ಯಾವ ಹೀಟರ್ ಚಲೋ?" ಎಂದಷ್ಟೇ ಕೇಳಿದಳು. ಸತ್ಯಭಾಮಾ ಉಸಿರು ತೆಗೆದುಕೊಳ್ಳದೆ, "ಎಣ್ಣೀದು ತೊಗೊ" ಎಂದರು. ಆ ಕಡೆಯಿಂದ ಮರಾಠಿಯಲ್ಲಿ "ಬರಂ", ಆಯಿತು ಎಂಬ ಒಂದು ಮಾತು. ಫೋನ್ ಕಟ್ಟಾಯಿತು.

"ಊರ ಮಂದಿಗೆಲ್ಲಾ ಕೋಣಿ ನೋಡದ ಹೇಳಂಗಿಲ್ಲ ಅಂತೇನಿ" ಎನ್ನುತ್ತಾರೆ ಸತ್ಯಭಾಮಾ. "ಹೊಟ್ಟ್ಯಾಗ ಹುಟ್ಟಿದಾಕಿ ಕೇಳಿದಾಗ ಆ ಮಾತ ಬಾಯಿಗೆ ಬರಲಿಲ್ಲ ನೋಡ್ರಿ. ನೋಡದ ಹೇಳಂಗಿಲ್ಲ ಅಂದಿದ್ರ, ಹಂಗಾರ ಬಾ ಅಂತಿದ್ಲೋ ಏನೋ. ನನಗ ಗೊತ್ತೈತಿ ಅಂತ ತೋರ್ಸೂ ಅವಸರ. ನನ್ನ ನಾಲಿಗಿ ನನಗ ವೈರಿ."

ಎಂಥ ಹಣೆಬರಹ! ಒಂದೇ ಒಂದು ಸಲ ನೇಮ ಮುರಿದರು. ಅದನ್ನು ಹಿಡಿದು ಕೂರಬೇಕಿದ್ದದ್ದೂ ಆ ಒಂದೇ ಸಲ.

ಹೆಣ್ಣುಕೂಸು ಹುಟ್ಟಿ ತಿಂಗಳು ತುಂಬುತ್ತಾ ಬಂತು. ಅಜ್ಜ ದೊಡ್ಡಯ್ಯ ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಕಳಮೇಶ್ವರಕ್ಕೆ ಹೋಗಿ ಬರುತ್ತಾರೆ. ಸತ್ಯಭಾಮಾ ಕೂಸು ಯಾರ ಹಾಗಿದೆ ಎಂದು ಕೇಳುವುದಿಲ್ಲ, ಕೇಳಿದರೆ ಅಳು ಬರುತ್ತದೆ. ಕೋಣೆಯನ್ನು ಕೇಳುತ್ತಾರೆ. ಕಿಟಕಿ ಯಾವ ದಿಕ್ಕಿಗಿದೆ ಎಂದರೆ ದೊಡ್ಡಯ್ಯ, "ಕಿಟಕಿ ಐತಿ ಬಿಡು" ಎನ್ನುತ್ತಾರೆ. ಬೆಚ್ಚಗಿದೆಯೇ ಎಂದರೆ, "ನಾ ಸ್ವೆಟರ್ ಹಾಕ್ಕೊಂಡಿದ್ನಲ್ಲಾ." ರೈಲಿನ ಚಕ್ರದ ಕೂದಲೆಳೆಯ ಬಿರುಕು ಹಿಡಿಯುತ್ತಿದ್ದ ಮನುಷ್ಯನಿಗೆ ಮೊಮ್ಮಗಳ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಹೋದ ವಾರ ಒಂದು ಸುದ್ದಿ ತಂದರು. ಅಲ್ಲಿ ಎರೆಯಲು ಬರುತ್ತಿದ್ದ 'ಬಾಯಿ' (ಮರಾಠಿ ಮನೆಗಳಲ್ಲಿ ಕೆಲಸದ ಹೆಂಗಸನ್ನು ಕರೆಯುವುದೇ ಹಾಗೆ) ಕೆಲಸ ಬಿಟ್ಟಿದ್ದಾಳೆ, ಇನ್ನೊಬ್ಬಳನ್ನು ಹುಡುಕುತ್ತಿದ್ದಾರೆ.

ಒಂದು ವಾರ ಸತ್ಯಭಾಮಾ ಮನೆಮನೆಯಲ್ಲಿ ಎರೆಯುತ್ತಾ ಅದೇ ಸುದ್ದಿಯನ್ನು ತಿರುವಿ ಹಾಕಿದರು. ಎರೆಯುವವಳು ಕರೆಯದ ಮನೆಗೆ ಹೋಗುವುದಿಲ್ಲ, ಹಾಗೆ ಹೋದರೆ ಕೂಸಿಗೆ ಒಳ್ಳೆಯದಲ್ಲ ಎಂದು ಅವರ ತಾಯಿ ಕಲಿಸಿದ್ದಾರೆ. ತಾಯಿಯಾಗಿ ಹೋಗೋಣವೆಂದರೆ ತಾನೇ ಆಡಿದ ಮಾತು ಅಡ್ಡ ನಿಂತಿದೆ.

ಇವತ್ತು ಸಿವಿಲ್ ಲೈನ್ಸಿನಿಂದ ಇನ್ನೆರಡು ಮನೆ ಮುಗಿಸಿ ಅಜನಿಯ ತಮ್ಮ ಮನೆಗೆ ಬರುವಷ್ಟರಲ್ಲಿ ದೊಡ್ಡಯ್ಯ ಬೂಟು ಹಾಕಿಕೊಳ್ಳುತ್ತಿದ್ದಾರೆ. "ಹೋಗಿ ಬರ್ಲೇನು?" ಎನ್ನುತ್ತಾರೆ. ಸತ್ಯಭಾಮಾ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಕೈಗೆ ಇನ್ನೂ ಎಣ್ಣೆ ಮೆತ್ತಿದೆ.

"ಎರಿಯಾಕ ಒಬ್ಬಾಕಿ ಅದಾಳ ಅಂತ ಹೇಳ್ರಿ."

"ನೀನಂತ ಹೇಳ್ಲೇನು?"

ಸತ್ಯಭಾಮಾ ಗೋಡೆಯ ಕಡೆಗೆ ಮುಖ ತಿರುಗಿಸುತ್ತಾರೆ. ಎಣ್ಣೆಯ ಕೈ ಸೆರಗಿಗೆ ಒರೆಸುತ್ತಾರೆ.

"ಹೇಳ್ರಿ. ಅವ್ವಾ ಅನ್ನೂದೇನ ಬೇಕಾಗಿಲ್ಲ, ಬಾಯಿ ಅಂತ ಕರದ್ರೂ ಬರ್ತಾಳ ಅನ್ರಿ. ರೊಕ್ಕಾ ಕೊಟ್ರ ಎಣಿಸಿ ತೊಗೊಂತಾಳ ಅನ್ರಿ."