ದಾಳ ಒಂದು ತೋರಿದಾಗ

ಯಾರನ್ನಾದರೂ ಒಂದು ಮಾತು ಕೇಳಿದ ಮೇಲೆ ಅಂಗಡಿಯಮ್ಮ ಮುಖವನ್ನು ತುಸು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಮುಂದೆ ಒಡ್ಡುತ್ತಿದ್ದರು. ಎಡಗಿವಿ ಚಿಕ್ಕಂದಿನಿಂದಲೂ ಮಂದ. ಇದನ್ನರಿಯದವರಿಗೆ ಈಕೆ ಜಗತ್ತನ್ನೆಲ್ಲ ಬದಿಗಿಟ್ಟು ತಮ್ಮೊಬ್ಬರ ಉತ್ತರಕ್ಕಾಗಿಯೇ ಕುಳಿತಿದ್ದಾರೆ ಎನಿಸುತ್ತಿತ್ತು. ಅರಿತ ಮೇಲೂ ನನಗೆ ಹಾಗೆಯೇ ಎನಿಸುತ್ತಿತ್ತು.

ಕೋಟದ ಹೆದ್ದಾರಿಯ ಬದಿಯಲ್ಲಿ ಅವರ ಔಷಧಿ ಅಂಗಡಿ. ನಾವು ಊರವರೆಲ್ಲ ಅವರನ್ನು ಅಂಗಡಿಯಮ್ಮ ಎಂದೇ ಕರೆಯುತ್ತಿದ್ದೆವು. ವೈದ್ಯರ ಚೀಟಿ ಇಲ್ಲದೆ ಒಂದು ಗುಳಿಗೆಯನ್ನೂ ಕೊಡದವರು. ಸಂಸ್ಕೃತ ಅಧ್ಯಾಪಕನಾಗಿದ್ದು ನಿವೃತ್ತನಾದ ನನಗೂ ಆ ನಿಯಮದಲ್ಲಿ ವಿನಾಯಿತಿ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ರಕ್ತದೊತ್ತಡದ ಗುಳಿಗೆ ಮುಗಿದು, ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ನೋಡಿದೆ. ಒಳಗೆ ಮೇಜಿನ ಸುತ್ತ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಆಚಾರ್ಯರು, ಸಿದ್ದಾಪುರದ ಬಸ್ಸಿನ ಕಂಡಕ್ಟರು ಮತ್ತು ಅಂಗಡಿಯಮ್ಮ. ನಡುವೆ ಒಂದು ದಾಳ.

"ಕೂಕಣಿ ಮಾಷ್ಟ್ರೆ, ಒಬ್ರ್ ಕಮ್ಮಿ ಇತ್ತ್" ಎಂದರು ಅಂಗಡಿಯಮ್ಮ. ದಾಳ ಕಂಡು ನಾನು ಹಿಂಜರಿದೆ. "ಇದ್ ಜೂಜಲ್ಲ, ಕಥೆ ಹೇಳುದ್" ಎಂದು ಕುರ್ಚಿ ಎಳೆದರು.

ಅದನ್ನು ಅವರು ಕಥೆಯಾಟ ಎನ್ನುತ್ತಿದ್ದರು. ಒಬ್ಬರು ಆಟ ನಡೆಸುವವರು. ಉಳಿದವರು ಕಥೆಯೊಳಗಿನ ಒಬ್ಬೊಬ್ಬ ವ್ಯಕ್ತಿ. ನಡೆಸುವವರು ಸನ್ನಿವೇಶವನ್ನು ಮುಂದಿಡುತ್ತಾರೆ, ತಾವೇನು ಮಾಡುತ್ತೇವೆಂದು ಆಡುವವರು ಹೇಳುತ್ತಾರೆ, ಆಗುವುದೋ ಬಿಡುವುದೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. ಐದು, ಆರು ಬಿದ್ದರೆ ನೆನೆದದ್ದು ಕೈಗೂಡಿತು. ಮೂರು, ನಾಲ್ಕಾದರೆ ಕೈಗೂಡಿದರೂ ಏನನ್ನಾದರೂ ಕಳೆದುಕೊಳ್ಳಬೇಕು. ಒಂದು, ಎರಡಾದರೆ ಇಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳಿದವನಾದ ನನಗೆ ಮಾತಿಗೆ ಮಾತು ಕೊಡುವುದು ಹೊಸದಲ್ಲ. ಆದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ನಡೆಸುವವರಿಗೂ ಗೊತ್ತಿಲ್ಲ.

ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಜೊತೆಯವರಿಂದ ಅಂಗಡಿಯಮ್ಮ ಕಲಿತ ಆಟವಿದು. ಮೊದಲು ಕಲಿತದ್ದು ದಪ್ಪ ನಿಯಮಪುಸ್ತಕದ ಆಟ: ನಕ್ಷೆ, ಆಯುಧ, ಪೆಟ್ಟಿನ ಲೆಕ್ಕ. ಕಥೆಯನ್ನೇ ಮುಖ್ಯವಾಗಿಟ್ಟುಕೊಂಡ ಬೇರೊಂದು ಬಗೆಯ ಆಟಗಳು ಆಮೇಲೆ ಕೈಗೆ ಬಂದವು. ಹಳೆಯ ಆಟವನ್ನು ಬಿಡದೆ, ಅದನ್ನು ನಡೆಸುವ ಕ್ರಮವನ್ನು ಮಾತ್ರ ಅವರು ಹೊಸದರಿಂದ ತಂದುಕೊಂಡರು.

"ಮುಂಚೆ ಕೋಟೆಗೆ ಎಷ್ಟ್ ಕೋಣೆ ಇತ್ತ್ ಅಂದೇಳಿ ವಾರ ಇಡೀ ಕೂಕಂಡ್ ನಾನೇ ಬರೀತಿದ್ದೆ. ಆಡುಕೆ ಬಂದವ್ರ್ ಆ ಬಾಗ್ಲ ಹತ್ರವೇ ಹೋತಿರ್ಲಿಲ್ಲೆ. ಈಗ ಅವ್ರನ್ನೇ ಕೇಂತೆ" ಎಂದು ನಗುತ್ತಿದ್ದರು.

ಅವರು ಕೇಳುತ್ತಿದ್ದ ರೀತಿಯೇ ಬೇರೆ. ಕಥೆಯೊಳಗಿನ ಬಂದರಿನಲ್ಲಿ ದೋಣಿ ಕಟ್ಟುವುದು ನಿಂತಿದೆ ಎಂದು ಹೇಳಿ, ಏಕೆ ನಿಂತಿತು ಎಂಬುದನ್ನು ಆಚಾರ್ಯರಿಗೆ ಬಿಟ್ಟರು. ಬಾಯಿ ಬಿಡುವುದೇ ಅಪರೂಪವಾದ ಆ ಮನುಷ್ಯ ಹೊತ್ತು ಹೋದದ್ದೇ ತಿಳಿಯದಂತೆ ಆ ಬಂದರಿನ ಕಥೆ ಹೇಳಿದರು. ಕಂಡಕ್ಟರು ಬೀಗ ಒಡೆಯಲು ಹೋಗಿ ದಾಳದಲ್ಲಿ ಎರಡು ಬಿದ್ದಾಗ "ಮುಗೀತ್, ಇಳೀನಿ" ಎಂದು ಬಸ್ಸಿನಲ್ಲಿ ಕೂಗುವಂತೆಯೇ ಕೂಗಿ ಕೈಚೆಲ್ಲಿದರು. ಅಂಗಡಿಯಮ್ಮ ಬಿಡಲಿಲ್ಲ. "ಬೀಗ ತೆಗೀಲಿಲ್ಲೆ ಅಂದ್ರೆ ಕಥೆ ಹೊರಗೇ ನಿಂತ್ಕಂತಾ? ಒಳ್ಗೆ ಯಾರೋ ಸಪ್ಪಳ ಕೇಂಡ್ರ್. ಅದ್ ಯಾರ್, ನೀವೇ ಹೇಳಿ."

ನನಗೆ ಅವರ ಹಿರಿತನ ತಿಳಿದದ್ದು ಇನ್ನೊಂದು ಭಾನುವಾರ. ಕಥೆಯಲ್ಲಿ ನಾನು ಊರೊಂದರಲ್ಲಿ ನೆಲೆನಿಂತ ಯಾತ್ರಿಕ. ರಾಜಭಟರಿಂದ ತಪ್ಪಿಸಿಕೊಂಡು ಬಂದ ಆಚಾರ್ಯರ ಪಾತ್ರವನ್ನು ನನ್ನ ಗುಡಿಸಲೊಳಗೆ ಅಡಗಿಸಿದ್ದೆ. ಭಟ ಬಾಗಿಲಿಗೆ ಬಂದ. ಒಳಗೆ ಯಾರೂ ಇಲ್ಲವೆಂದರೆ ಸಾಕಿತ್ತು. ನನ್ನ ನಾಲಗೆ ಏಳಲಿಲ್ಲ. ದಿನವೂ ದೇವರೆದುರು ನಿಂತು ಸತ್ಯವನ್ನೇ ನುಡಿಸೆಂದು ಬೇಡುವ ಬಾಯಿ ಅದು.

"ಹ್ವಾಯ್ ಮಾಷ್ಟ್ರೆ, ಇಲ್ಲೆ ಅಂದ್ಬಿಡಿ. ಇದ್ ಆಟ ಮಾರಾಯ್ರೆ" ಎಂದರು ಕಂಡಕ್ಟರು. "ನಿಮ್ಮ ಸತ್ಯಕ್ಕೆ ಆಚಾರ್ರ ತಲಿ ಹೋಪುದಾ?"

"ಹೋಯ್ಲಿ ಬಿಡಿ" ಎಂದರು ಆಚಾರ್ಯರು, ಎಲೆಯಡಿಕೆ ಜಗಿಯುತ್ತ.

ಅಂಗಡಿಯಮ್ಮ ನಗಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಮಾಷ್ಟ್ರಿಗೆ ಸುಳ್ ಹೇಳುಕೆ ಬತ್ತಿಲ್ಲೆ. ಹಾಂಗಾರೆ ಯಾತ್ರಿಕನಿಗೂ ಬತ್ತಿಲ್ಲೆ. ಅದ್ ಊರಿಗೇ ಗೊತ್ತಿತ್ತ್, ಭಟನಿಗೂ ಗೊತ್ತಿತ್ತ್. ಒಳ್ಗೆ ಯಾರಿದ್ರ್ ಅಂದೇಳಿ ಕೇಂಡ್ರೆ ಖರೆ ಉತ್ತರ ಬತ್ತ್, ಆಮೇಲೆ ಹಿಡಿಲೇಬೇಕ್. ಅವ ತುಂಬಾ ಹೊತ್ತ್ ನಿಂತ್ಕಂಡ. ಕಡೆಗೆ ಎಂತ ಕೇಂಡ ಗೊತ್ತಿತ್ತಾ? ಕುಡುಕೆ ನೀರಿತ್ತಾ ಅಂದ."

ನನ್ನ ಕಣ್ಣು ಒದ್ದೆಯಾಯಿತು. ಅನೇಕ ಸಭೆಗಳಲ್ಲಿ ನಾನು ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಿದ್ದುಂಟು. ಎದುರಿಗಿದ್ದವನು ತಾನು ಇರುವಂತೆಯೇ ಉಳಿಯಲೆಂದು ಕಥೆಯನ್ನೇ ಬಾಗಿಸಿದವರನ್ನು ಅಂದೇ ಕಂಡದ್ದು.

ಆಮೇಲೆ ಅವರಿಗೆ ಕಾಯಿಲೆ ಬಂತು. ಅಂಗಡಿಯನ್ನು ಬೇರೆಯವರಿಗೆ ವಹಿಸಿ ಬೈಂದೂರಿನ ತಂಗಿಯ ಮನೆ ಸೇರಿದರು. ಹಾಸಿಗೆ ಬಿಟ್ಟೇಳಲಾಗದು ಎಂಬ ಸುದ್ದಿ ಬಂದ ವಾರವೇ ಫೋನು ಮಾಡಿದರು. "ಇಷ್ಟ್ ವರ್ಷ ನಡೆಸ್ದೆ, ಒಂದ್ ದಿನವೂ ಆಡ್ಲಿಲ್ಲೆ. ಈಗ ನೀವ್ ನಡೆಸಿ ಮಾಷ್ಟ್ರೆ, ನಾನ್ ಆಡ್ತೆ." ಯಾವ ಪಾತ್ರವೆಂದು ಕೇಳಿದೆ. "ಕಳ್ಳಿ. ಚೀಟಿ ಇಲ್ದೆ ಒಂದ್ ಮಾತ್ರೆ ಕೊಡ್ಲಿಲ್ಲೆ ನಾನ್. ಈಗ ಒಂಚೂರ್ ಕದೀತೆ."

ಹೀಗೆ ಭಾನುವಾರಗಳಂದು ನಮ್ಮ ಮನೆಯ ಚಾವಡಿಯಲ್ಲಿ ಮೂವರು ಕುಳಿತು, ನಡುವೆ ಫೋನಿಟ್ಟು ಆಡಿದೆವು. ಅವರ ಪಾಲಿನ ದಾಳವನ್ನೂ ನಾನೇ ಉರುಳಿಸುತ್ತಿದ್ದೆ. ಅವರ ಧ್ವನಿ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು. ಕಳ್ಳಿಯ ಚೇಷ್ಟೆ ಮಾತ್ರ ಕಡಿಮೆಯಾಗಲಿಲ್ಲ.

ಕೊನೆಯ ದಿನ ಅವರು ಮೂವರೂ ಕಥೆಯಲ್ಲಿ ಕೋಟೆಯೊಂದರಿಂದ ಪಾರಾಗುತ್ತಿದ್ದರು. ಆಚಾರ್ಯರೂ ಕಂಡಕ್ಟರೂ ಗೋಡೆ ದಾಟಿಯಾಗಿತ್ತು. ಉಳಿದವಳು ಕಳ್ಳಿ. ಬೆನ್ನ ಹಿಂದೆ ಕಾವಲುಗಾರರು. "ಹಾರ್ತೆ" ಎಂದರು. ದಾಳ ಉರುಳಿಸಿದೆ. ಒಂದು ಬಿತ್ತು.

ಕಂಡಕ್ಟರು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಮೆಲ್ಲಗೆ ದಾಳವನ್ನು ಐದಕ್ಕೆ ತಿರುಗಿಸಿದರು. ಅವರ ಕಣ್ಣು ನನ್ನನ್ನು ಬೇಡುತ್ತಿತ್ತು.

"ಎಷ್ಟ್ ಬಿತ್ತ್ ಮಾಷ್ಟ್ರೆ?"

ರೋಗಿಯ ಮುಂದೆ ಅಶುಭವನ್ನು ನುಡಿಯಬಾರದೆಂದು ಬಲ್ಲವನು ನಾನು. ನಾಲಗೆಯ ಮೇಲೆ ಐದು ಎಂಬ ಮಾತು ಬಂದು ಕುಳಿತಿತ್ತು. ಆದರೆ ಆ ಮೇಜಿನಲ್ಲಿ ನನ್ನ ಸತ್ಯಕ್ಕೆ ಜಾಗ ಮಾಡಿಕೊಟ್ಟವರು ಅವರೇ. ಇಂದು ಸುಳ್ಳಾಡಿದರೆ ಅವರನ್ನು ಆಟದಿಂದೆಬ್ಬಿಸಿ ಬರಿಯ ರೋಗಿಯಾಗಿ ಮಲಗಿಸಿದಂತೆ.

"ಒಂದು" ಎಂದೆ.

ಆ ಕಡೆಯಿಂದ ಸಣ್ಣ ನಗು ಕೇಳಿಸಿತು. "ಕಂಡಕ್ಟ್ರ್ ತಿರ್ಗಿಸ್ಲಿಲ್ಯಾ?"

"ತಿರುಗಿಸಿದರು" ಎಂದೆ. ಕಂಡಕ್ಟರು ಮುಖ ಆಚೆ ತಿರುಗಿಸಿದರು.

"ಅಕ್ಕ್, ಅಡ್ಡಿಲ್ಲೆ. ಇನ್ ನೀವ್ ಕೇಣಿ."

ನಾನು ದೇವರನ್ನು ನೆನೆದು ಕೇಳಿದೆ: "ಅಮ್ಮ, ನೀವು ಗೋಡೆ ದಾಟಲಾರಿರಿ. ಹಾಗಾದರೆ ನಿಮ್ಮಲ್ಲಿರುವ ಏನು ದಾಟುತ್ತದೆ?"

ಕರೆ ತುಂಡಾಯಿತೇ ಎಂದು ಆಚಾರ್ಯರು ಬಗ್ಗಿ ನೋಡಿದರು.

"ಕದ್ದ ಚೀಲ ನಿಮ್ ಬದಿಗೆ ಎಸೀತೆ. ಆಚಾರ್ರೆ, ಹಿಡ್ಕಣಿ. ನಾನ್ ಗೋಡೆ ಮೇಲೇ ಕೂಕಂತೆ, ಕಾವಲಿನವ್ರ್ ಬಪ್ಪಲ್ಲಿವರೆಗೆ. ಇಲ್ಲಿಂದ ನೀವ್ ಹೋಪುದ್ ಕಣ್ಣಿಗೆ ಚಂದ ಕಾಂತ್."

ಆಚಾರ್ಯರು ನಿಜವಾಗಿಯೂ ಎರಡು ಕೈಗಳನ್ನು ಚಾಚಿದ್ದರು. "ಹಿಡ್ದೆ ಅಮ್ಮ" ಎಂದರು.

ಮುಂದಿನ ಭಾನುವಾರ ಬರುವ ಮೊದಲೇ ಅವರು ತೀರಿಕೊಂಡರು. ಆಟ ನಿಂತಿಲ್ಲ, ನಾನೇ ನಡೆಸುತ್ತಿದ್ದೇನೆ. ದೇವಸ್ಥಾನದ ಪುರಾಣಪ್ರವಚನದಲ್ಲೂ ಈಗೀಗ ಅರ್ಥವನ್ನು ನಾನೇ ಹೇಳಿ ಮುಗಿಸದೆ, ಎದುರಿಗೆ ಕುಳಿತವರನ್ನು ಕೇಳಿ ಕಾಯುತ್ತೇನೆ. ಗುರುಗಳಿಂದ ಪಡೆದದ್ದನ್ನು ಶಿಷ್ಯರಿಗೆ ದಾಟಿಸಿ ಋಣ ಕಳೆಯಬಹುದು. ಈ ಋಣ ಹಾಗೆ ಕಳೆಯುವಂಥದ್ದಲ್ಲ.

ಅಂದು ಬೈಂದೂರಿನಲ್ಲಿ ಅವರ ಉತ್ತರಕ್ರಿಯೆಯ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆವು. ಆ ಭಾನುವಾರದಿಂದ ನನ್ನೊಡನೆ ಸರಿಯಾಗಿ ಮಾತಾಡದಿದ್ದ ಕಂಡಕ್ಟರು ಪಕ್ಕಕ್ಕೆ ಬಂದು ನಿಂತರು.

"ಐದ್ ಅಂದಿದ್ರೆ ಅಮ್ಮ ನಮ್ಮೊಟ್ಟಿಗೇ ದಾಟಿ ಬತ್ತಿದ್ರ್, ಮಾಷ್ಟ್ರೆ."

"ಹೌದು" ಎಂದೆ.

ಒಂದು ಬಸ್ಸು ನಿಲ್ಲದೆ ಹೋಯಿತು. ಅದರ ಹಿಂದೆಯೇ ನೋಡುತ್ತ ಅವರೆಂದರು: "ಆಗ ನಾವ್ ಹೋಪುದ್ ಕಾಂಬುಕೆ ಗೋಡೆ ಮೇಲೆ ಯಾರೂ ಇರ್ತಿರ್ಲಿಲ್ಲೆ."