ಅಲ್ಲಾಬಕ್ಷ್ ಮುಚ್ಚಿದ ಮುಕ್ಕಾಲು ಇಂಚು

ಚನ್ನಗಿರಿಯಲ್ಲಿ ಬಸ್ಸಿಳಿದು, ಅಂಗಿ ಚೆನ್ನಾಗಿ ಹೊಲಿಯುವವರು ಯಾರು ಅಂತ ಕೇಳಿ ನೋಡಿ. ಬಾಯ್ತುಂಬ ಎಲೆ ಅಡಿಕೆ ಇದ್ದವರೂ ಪಕ್ಕಕ್ಕೆ ಹೋಗಿ ಉಗಿದು ಬಂದು ಅಲ್ಲಾಬಕ್ಷ್ ಸಾಬರ ಅಂಗಡಿಗೆ ದಾರಿ ತೋರಿಸುತ್ತಾರೆ. ಗೂನು ಬೆನ್ನಿನ ಮದುಮಗನನ್ನೂ ಹಸೆಮಣೆಯ ಮೇಲೆ ನೆಟ್ಟಗೆ ಕಾಣಿಸಿದ ಕೈ ಅದು. ಒಂದು ಭುಜ ಏರಿ ಇನ್ನೊಂದು ಇಳಿದವರಿಗೆ ಒಳಗೊಂದಿಷ್ಟು ಅರಿವೆ ಮಡಿಚಿಟ್ಟು, ಹೊರಗೆ ಸಮ ಮಾಡಿ ಕಳಿಸುತ್ತಿದ್ದರು. ‘ಮೈ ಹೆಂಗಾರ ಇರ್ಲಿ, ನನ್ನ ಅಂಗಡಿ ಮೆಟ್ಟಿಲು ಇಳಿಯೋವಾಗ ನೆಟ್ಟಗಿರಬೇಕು’ ಅನ್ನುವುದು ಅವರ ಜಂಬ. ಆ ಜಂಬವೇ ಒಂದು ದಿನ ಅವರ ತಲೆ ತಗ್ಗಿಸಿತು.

ಐದಾರು ವರ್ಷದಿಂದ ಸಾಬರು ಕ್ರಿಕೆಟ್ ತಂಡಗಳ ಅಂಗಿಯನ್ನೂ ಹೊಲಿಯುತ್ತಿದ್ದರು. ಬೆನ್ನಿನ ಮೇಲೆ ಹೆಸರು, ನಂಬರು ಅಂಟಿಸುವ ಮಿಷನ್ ತಂದ ಮೇಲಂತೂ ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಹುಡುಗರು ಬರತೊಡಗಿದರು. ಅಂಗಿಯ ಜೊತೆಗೆ ಅವರಿಗೆ ಸಾಬರ ಅಂಗಡಿಯಲ್ಲಿ ಇನ್ನೊಂದೂ ಸಿಗುತ್ತಿತ್ತು: ಪರಮೇಶ್.

ಪರಮೇಶ್ ಅದೇ ಬೀದಿಯ ಶಂಕರಮ್ಮನ ಮಗ. ಹದಿನಾರು ವರ್ಷ. ಅವನು ಓಡಿ ಬಂದು ಎಸೆದರೆ ಚೆಂಡು ಕಾಣುತ್ತಿರಲಿಲ್ಲ, ವಿಕೆಟ್ ಬಿದ್ದ ಸದ್ದು ಮಾತ್ರ ಕೇಳುತ್ತಿತ್ತು. ಜಗಳೂರಿನ ಕ್ಯಾಪ್ಟನ್ ತಿಪ್ಪೇರುದ್ರಸ್ವಾಮಿ ಒಂದು ದಿನ ಅಂಗಿಯ ಗಂಟು ಕಟ್ಟಿಕೊಳ್ಳುತ್ತಾ ಹೇಳಿದ:

‘ಸಾಬ್ರೆ, ಅಂಗಿ ಹನ್ನೊಂದು ಹೊಲಿದ್ರಿ. ಹಾಕ್ಕಳಾಕೆ ಹತ್ತೇ ಜನ ಅದಾರೆ. ಒಬ್ಬ ಬೌಲರ್ ಇದ್ರೆ ಹೇಳ್ರಿ.’

‘ನಮ್ಮ ಬೀದಿ ಹುಡುಗನ್ನ ಕರ್ಕಂಡು ಹೋಗ್ರಿ. ಮ್ಯಾಚಿಗೆ ಎರಡೇ ಓವರ್ ತಾನೆ?’

‘ಎರಡೇ ಓವರ್ ರೀ. ಜ್ವರ ಬಂದೋನೂ ಹಾಕ್ತಾನೆ!’

ಹೊನ್ನಾಳಿಯವರೂ ಎರಡೇ ಓವರ್ ಅಂದರು, ನ್ಯಾಮತಿಯವರೂ ಎರಡೇ ಓವರ್ ಅಂದರು. ದಿನಕ್ಕೆ ಮೂರು ಮ್ಯಾಚ್, ವಾರಕ್ಕೆ ಮೂರ್ನಾಲ್ಕು ಊರು ಅನ್ನುವುದನ್ನು ಯಾರೂ ಅನ್ನಲಿಲ್ಲ. ಹನಿಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಆ ಹಳ್ಳ ಯಾರ ಬೆನ್ನ ಮೇಲೆ ಹರಿಯುತ್ತಿದೆ ಎಂದು ನೋಡುವುದಿಲ್ಲ. ಒಂದು ತಂಡದ ಹುಡುಗ ಇನ್ನೊಂದರಲ್ಲಿ ಆಡಿದ್ದು ತಿಳಿದರೆ ತಕರಾರು, ಹಾಗಾಗಿ ಊರಿಗೊಂದು ಹೆಸರು. ಚನ್ನಗಿರಿಯಲ್ಲಿ ಪರಮೇಶ್, ಹೊನ್ನಾಳಿಯಲ್ಲಿ ಪಮ್ಮಿ, ನ್ಯಾಮತಿಯಲ್ಲಿ ಬರೀ ಪಿ.ಎಸ್., ಜಗಳೂರಿನಲ್ಲಿ ರಾಕೆಟ್. ಒಬ್ಬೊಬ್ಬ ಕ್ಯಾಪ್ಟನ್‌ಗೆ ಗೊತ್ತಿದ್ದದ್ದು ಒಂದೊಂದೇ ಹೆಸರು. ನಾಲ್ಕನ್ನೂ ಬಲ್ಲವರು, ಅವನ್ನು ಅಂಗಿಗೆ ಅಂಟಿಸಿದ ಸಾಬರು ಒಬ್ಬರೇ.

ದೀಪಾವಳಿಗೆ ಅಳತೆ ತೆಗೆದಾಗ ಹುಡುಗನ ಎರಡೂ ಭುಜ ಸಮ ಇದ್ದವು. ಶಿವರಾತ್ರಿ ಹೊತ್ತಿಗೆ ಜಗಳೂರಿನವರು ಹೊಸ ಅಂಗಿ ಹೊಲಿಯಲು ಹೇಳಿದರು. ಟೇಪು ಹಿಡಿದರೆ ಬಲಭುಜ ಮುಕ್ಕಾಲು ಇಂಚು ಇಳಿದಿದೆ! ಟೇಪು ಸೊಂಟಕ್ಕೆ ತಾಗಿದ್ದೇ ತಡ, ಹುಡುಗ ಹಲ್ಲು ಕಚ್ಚಿದ.

‘ಏನೋ ಇದು?’

‘ಉಳುಕೈತೆ ಚಾಚಾ. ಅವ್ವಗೆ ಹೇಳಬ್ಯಾಡ್ರಿ. ಬ್ಯಾಟು ಒಲೆಗೆ ಹಾಕ್ತಾಳೆ.’

ಅವನು ಹೋದ ಮೇಲೆ ಗುಂಡಿ ಹಾಕುತ್ತಾ ಕೂತಿದ್ದ ಹೆಂಡತಿ ಅಖ್ತರ್‌ಬೀ ಕೇಳಿದಳು: ‘ಏನ್ರೀ, ಆ ಹುಡುಗ ಗೋಡೆ ಹಿಡ್ಕೊಂಡು ಎದ್ದ, ನೋಡಿದ್ರಾ? ನಮ್ಮಜ್ಜಿ ಹಂಗೆ.’

‘ಸುಮ್ನಿರು. ಪ್ರಾಯದ ಹುಡುಗ, ಎರಡು ದಿನಕ್ಕೆ ಸರಿ ಹೋಗ್ತೈತೆ.’

ಅಂದರು, ಬಲಭುಜದೊಳಗೆ ಅರಿವೆ ಮಡಿಚಿಟ್ಟರು, ಹೊಲಿದರು. ತೊಟ್ಟು ತೋರಿಸಿದಾಗ ಹುಡುಗ ಬಾಣದ ಹಾಗೆ ಕಂಡ. ಸಾಬರಿಗೆ ಖುಷಿಯೇ ಆಯಿತು. ಆ ಖುಷಿಯನ್ನು ನೆನೆದರೆ ಈಗಲೂ ಅವರಿಗೆ ಮೈ ಮುದುಡುತ್ತದೆ.

ಭಾನುವಾರ ಜಗಳೂರಿಗೆ ತಾವೇ ಬಸ್ಸಿನಲ್ಲಿ ಹೋದರು, ತಮ್ಮ ಅಂಗಿ ಗೆಲ್ಲುವುದನ್ನು ನೋಡಲು. ಮೂರನೆಯ ಮ್ಯಾಚು, ಎರಡನೆಯ ಓವರಿನ ಕೊನೆಯ ಚೆಂಡು. ಪರಮೇಶ್ ಓಡಿ ಬಂದ, ಎಡಗಾಲು ಊರಿದ, ಹಾಗೇ ಕುಸಿದ. ಮೊದಲು ಜನ ಶಿಳ್ಳೆ ಹಾಕಿದರು. ಸಾಬರು ಓಡಿದರು. ಹುಡುಗನ ಮೈ ಮುರಿದ ಕೊಂಬೆಯಂತೆ ಬಿದ್ದಿತ್ತು. ಅಂಗಿಯ ಭುಜ ಮಾತ್ರ ಸಮವಾಗಿತ್ತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಫೋಟೋ ನೋಡಿ, ಬೆನ್ನುಮೂಳೆಯಲ್ಲಿ ಬಿರುಕು ಎಂದರು. ‘ವಾರಕ್ಕೆ ಎಷ್ಟು ಓವರ್ ಹಾಕ್ತಿದ್ದ?’

‘ನಮ್ಮಲ್ಲಿ ಎರಡೇ ಓವರ್ ಮೇಡಂ’ ಅಂದ ತಿಪ್ಪೇರುದ್ರಸ್ವಾಮಿ.

‘ಎರಡು ಓವರಿಗೆ ಹೀಗೆ ಬಿರುಕು ಬಿಡಲ್ಲಪ್ಪ. ಬೆಳೆಯೋ ಮೂಳೆ ಇದು. ದಣಿದ ಮೂಳೆಗೆ ಸುಧಾರಿಸ್ಕೊಳ್ಳೋಕೆ ಬಿಡದೆ ದುಡಿಸಿದ್ದೀರಿ. ನೋವು ಬಂದಾಗಲೇ ನಿಲ್ಲಿಸಬೇಕಿತ್ತು. ಯಾರಿಗೂ ಗೊತ್ತಾಗಲಿಲ್ವಾ?’

ಅಡಿಕೆ ಸುಲಿಯುವ ಕೆಲಸದಿಂದ ಹಾಗೇ ಓಡಿ ಬಂದಿದ್ದ ಶಂಕರಮ್ಮ ಹಣೆ ಚಚ್ಚಿಕೊಂಡಳು. ‘ಹೆತ್ತೋಳು ನಾನು, ನಂಗೇ ಕಾಣಲಿಲ್ಲ ತಾಯಿ! ಇವತ್ತು ಬೆಳಗ್ಗೆ ಹೊಸ ಅಂಗಿ ಹಾಕ್ಕಂಡು ಹೊರಟಾಗ ಕಣ್ತುಂಬ ನೋಡಿದೆ. ನೆಟ್ಟಗಿದ್ದ. ಇದು ಎಂಥಾ ಕಣ್ಣು ನಂದು!’

ಅಲ್ಲಿಯವರೆಗೆ ಸಾಬರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ತಮ್ಮ ತಪ್ಪಿಗೆ ಆ ತಾಯಿ ತನ್ನ ಹಣೆ ಚಚ್ಚಿಕೊಳ್ಳುವುದನ್ನು ನೋಡುತ್ತ ನಿಲ್ಲಲಾಗಲಿಲ್ಲ.

‘ನಿನ್ನ ಕಣ್ಣಿನ ತಪ್ಪಲ್ಲ ಶಂಕರಮ್ಮ. ನಿನಗೆ ಕಾಣದಂಗೆ ನಾನೇ ಹೊಲಿದೆ.’

ನಾಲ್ಕು ಹೆಸರನ್ನೂ ಹೇಳಿದರು. ಗುರುವಾರ ಚನ್ನಗಿರಿ, ಶುಕ್ರವಾರ ನ್ಯಾಮತಿ, ಶನಿವಾರ ಹೊನ್ನಾಳಿ, ಇವತ್ತು ಜಗಳೂರು. ನಾಲ್ಕು ದಿನಕ್ಕೆ ಇಪ್ಪತ್ತನಾಲ್ಕು ಓವರ್. ಭುಜ ಇಳಿದದ್ದು, ಸೊಂಟ ನೊಂದದ್ದು, ಅರಿವೆ ಮಡಿಚಿಟ್ಟದ್ದು, ಎಲ್ಲ ಹೇಳಿದರು. ತಿಪ್ಪೇರುದ್ರಸ್ವಾಮಿ ನೆಲ ನೋಡಿದ. ಡಾಕ್ಟರಮ್ಮ ಬರೆದುಕೊಂಡರು. ಶಂಕರಮ್ಮ ಬೈಯಲಿಲ್ಲ. ಒಂದೇ ಮಾತು ಕೇಳಿದಳು:

‘ನಿಮ್ಮ ಮಗನ ಭುಜ ಇಳಿದಿದ್ರೆ ಅಂಗಿ ಸರಿ ಮಾಡ್ತಿದ್ರೇನ್ರೀ ಅಣ್ಣಾರೆ, ದವಾಖಾನೆಗೆ ಕರ್ಕಂಡು ಹೋಗ್ತಿದ್ರೇನ್ರೀ?’



ಪರಮೇಶ್ ಆರು ತಿಂಗಳು ಚೆಂಡು ಮುಟ್ಟುವ ಹಾಗಿಲ್ಲ. ಮುಂದೆ ವೇಗವಾಗಿ ಎಸೆಯುವನೋ ಇಲ್ಲವೋ, ಮೂಳೆ ಕೂಡಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ ಡಾಕ್ಟರಮ್ಮ. ಶಂಕರಮ್ಮ ಮೊದಲು ಕೆಲಸಕ್ಕೆ ಹೋಗುವಾಗ ‘ಚಾ ಆಯ್ತೇನ್ರೀ ಅಣ್ಣಾರೆ?’ ಅನ್ನುತ್ತಿದ್ದಳು. ಈಗ ಮಾತಿಲ್ಲದೆ ಹೋಗುತ್ತಾಳೆ.

ಸಾಬರು ಈಗ ಅಂಗಿ ಹೊಲಿಸಲು ಬಂದ ಹುಡುಗರಿಗೆಲ್ಲ ವಯಸ್ಸು ಕೇಳುತ್ತಾರೆ. ಬೌಲರ್ ಯಾರು, ಇನ್ನೆಷ್ಟು ತಂಡಕ್ಕೆ ಆಡುತ್ತಾನೆ ಅನ್ನುತ್ತಾರೆ. ಸುಳ್ಳು ಹೆಸರು ಅಂಟಿಸುವುದಿಲ್ಲ. ಮೊನ್ನೆ ನ್ಯಾಮತಿಯ ಕ್ಯಾಪ್ಟನ್ ಸಾದಿಕ್ ನಕ್ಕ: ‘ಏನ್ ಚಾಚಾ, ನೀವು ದರ್ಜಿನೋ, ಡಾಕ್ಟ್ರೋ?’

‘ದರ್ಜಿನೇ ಕಣಪ್ಪ. ಮೈ ಮುಟ್ಟಿ ನೋಡೋನು. ಪರಮೇಶನ ಬೆನ್ನು ಕೆಟ್ಟಿದ್ದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಹೇಳಲಿಲ್ಲ, ಮುಚ್ಚಿದೆ.’

ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಶಂಕರಮ್ಮ ಅಂಗಡಿಯ ಮುಂದೆ ನಿಂತಿದ್ದಳು. ಸಾಬರು ಮಾತು ನುಂಗಲಿಲ್ಲ. ಯಾವ ಅಂಗಿ, ಯಾವ ಭುಜ, ಯಾವ ದಿನ, ಎಲ್ಲವನ್ನೂ ಕೊನೆಯವರೆಗೆ ಹೇಳಿ ಮುಗಿಸಿದರು. ಅವಳು ಪೂರ್ತಿ ಕೇಳಿಸಿಕೊಂಡು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಡೆದಳು. ಅವಳ ಮುಖದಲ್ಲಿ ಏನಿತ್ತೋ, ಸಾಬರು ತಲೆ ಎತ್ತಿ ನೋಡಲಿಲ್ಲ.