ಹೊರಸಿನಷ್ಟು ನೆಲ

…ತತ್ತಿ ನಾಲ್ಕೇ ಇದ್ದವೇ? ಮೂರೂ ಇರಬಹುದು. ಕೆಂಪು ಬಟ್ಟೆಯಂತೂ ಇತ್ತು. ಅಥವಾ ಮೊನ್ನೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡ ಬಟ್ಟೆಯನ್ನೇ ಆ ದಿನಕ್ಕೆ ಅಂಟಿಸುತ್ತಿದ್ದೇನೋ. ಹರಗಿದ ಹೊಲದ ನಡುವೆ ಒಂದು ಕಟ್ಟಿಗೆ, ತುದಿಗೆ ಕೆಂಪು ಚಿಂದಿ, ಸುತ್ತ ಮುಟ್ಟದೆ ಬಿಟ್ಟ ಒಂದಿಷ್ಟು ನೆಲ. ಪಕ್ಕದ ಸೀಟಿನವರು ದೃಷ್ಟಿಗೆ ಕಟ್ಟಿದ್ದು ಎಂದರು. ನನಗೆ ಬೇಮಳಖೇಡದ ಟ್ರ್ಯಾಕ್ಟರ್ ಡ್ರೈವರ್ ನೆನಪಾದರು.

ದುಬಲಗುಂಡಿಯ ನಮ್ಮ ಹೊಲ ಹರಗಲು ಅವರೇ ಬರುತ್ತಿದ್ದರು. ಆ ವರ್ಷ ಮಣ್ಣು ಹದಕ್ಕೆ ಬಂದಿತ್ತು, ಮರುದಿನವೇ ತೊಗರಿ ಬಿತ್ತಬೇಕು, ಮೋಡ ಬೇರೆ ಕವಿಯುತ್ತಿತ್ತು. ಹೊಲದ ನಟ್ಟನಡುವೆ ಅವರು ಗಾಡಿ ಬಂದ್ ಮಾಡಿದರು. ಚಕ್ರದ ಮುಂದೆ ಟಿಟ್ಟಿಭ ಹಕ್ಕಿ ರೆಕ್ಕೆ ಬಿಚ್ಚಿ ಕಿರುಚುತ್ತ ನಿಂತಿತ್ತು. ಬರೀ ನೆಲದ ಮೇಲೆ ಮಣ್ಣಹೆಂಟೆಯ ಬಣ್ಣದ ತತ್ತಿಗಳು.

ಅಪ್ಪ ಬದುವಿನಿಂದ ಕೂಗಿದ: "ಯಾಕ ನಿಲ್ಲಿಸ್ದಿ? ಹಕ್ಕಿಗಿ ಪಟ್ಟಾ ಮಾಡಿ ಕೊಡ್ಲೇನು?"

"ಪಟ್ಟಾ ಬ್ಯಾಡ್ರಿ ಕಾಕಾ. ಒಂದು ತಿಂಗಳು ಕಿರಾಯಿಗಿ ಕೊಡ್ರಿ."

"ಕಿರಾಯಿ ಯಾರು ಕೊಡ್ತಾರ, ನಿಮ್ಮಪ್ಪ?"

"ಅದೇ ಕೊಡ್ತದ್ರಿ. ದಿನಾ ನಿಮ್ಮ ಹೊಲದಾಗಿನ ಹುಳಾ ತಿನ್ನಾಕತ್ತದಲ್ಲ."

ಬೇರೆ ಗಾಡಿ ಕರೆಸುತ್ತೇನೆ ಎಂದು ಅಪ್ಪ ಗದರಿಸಿದ.

"ಕರಸ್ರಿ. ನಾ ಅಂತೂ ಇದರ ಮ್ಯಾಲ ಹಾಯಂಗಿಲ್ಲ. ಹೊಲಾ ನಿಮ್ದು ಖರೆ. ಈ ವರ್ಷ ನಮಗಿಂತ ಮೊದಲ ಬಂದಿದ್ದು ಅದು."

ನಮ್ಮ ಹೊಲದ ಕೆಲಸ ಕೈತಪ್ಪುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ಕೆಳಗಿಳಿದು, ತಲೆಗೆ ಸುತ್ತಿದ್ದ ಕೆಂಪು ಬಟ್ಟೆಯ ಅಂಚು ಹರಿದು ಕಟ್ಟಿಗೆಗೆ ಕಟ್ಟಿ ನೆಟ್ಟರು. ಅಪ್ಪ ಆ ಕಟ್ಟಿಗೆಯನ್ನು ನೋಡಿದ, ಮೋಡವನ್ನು ನೋಡಿದ. "ಸುತ್ತು ಹಾಕಿ ಹೊಡಿ," ಎಂದ. ಮಲಗುವ ಒಂದು ಹೊರಸು ಹಾಕುವಷ್ಟು ನೆಲ ಉಳಿಯಿತು.

ಮುಂದಿನ ವರ್ಷ ಟ್ರ್ಯಾಕ್ಟರ್ ಬರುವ ಮುನ್ನಾದಿನ ಅಪ್ಪನೇ ಕಟ್ಟಿಗೆ, ಬಟ್ಟೆ ಹಿಡಿದು ಹೊಲವೆಲ್ಲ ಅಡ್ಡಾಡಿದ. ಮರುದಿನ ಬಂದದ್ದು ಅದೇ ಡ್ರೈವರ್. ನಮ್ಮ ಮನೆಯ ಬಗ್ಗೆ ನಾನು ಯಾರ ಮುಂದಾದರೂ ತಲೆಯೆತ್ತಿ ಹೇಳುವ ಸಂಗತಿ ಇದು.

ಡ್ರೈವರ್ ಈಗಿಲ್ಲ. ಮಣ್ಣಿಗೆ ಹೋಗಲೂ ನನಗಾಗಲಿಲ್ಲ… ಬಸ್ಸಿನಿಂದ ಕಂಡ ಬಟ್ಟೆ ಅವರಿಂದ ಕಲಿತವರು ಕಟ್ಟಿದ್ದೋ, ನಿಜವಾಗಿಯೂ ದೃಷ್ಟಿಗೋ, ಇಳಿದು ಕೇಳಲಿಲ್ಲ.

ತತ್ತಿಗಳ ವಿಷಯವೂ ಅಷ್ಟೇ. ನಾಲ್ಕು ಮರಿ ಸಾಲಾಗಿ ನಡೆದುಹೋದವು ಎಂದು ಅಪ್ಪ ಊರಿಗೆಲ್ಲ ಹೇಳಿದ. ಡ್ರೈವರ್ ಕೇಳಿದಾಗ ನಾನೂ "ಹೌದ್ರಿ, ನಾಕೂ ಹೋದ್ವು" ಎಂದೆ. ಅವರ ಮುಖ ಅರಳಿತು. ಆದರೆ ನಾನು ಕಾಲೇಜಿನಿಂದ ಬಂದು ನೋಡಿದ ದಿನ ಸುತ್ತ ತೊಗರಿ ಮೊಳೆತಿತ್ತು, ಬಟ್ಟೆ ಹಾರಾಡುತ್ತಿತ್ತು, ತತ್ತಿಯಿದ್ದ ಜಾಗ ಖಾಲಿಯಿತ್ತು. ಮರಿಯಾದವೋ, ಮುಂಗುಸಿ ತಿಂದಿತೋ, ನನಗೆ ಗೊತ್ತಿಲ್ಲ.